ಶುಕ್ರವಾರದ ಏಣಿ

ವಾದಿ ಕಬೀರ್‌ನ ಗಲ್ಲಿಯಲ್ಲಿ ಇನ್ನೂ ಇದೆ
ಬೋರ್ಡು: ಕರ್ಕಡ ಕೂಲಿಂಗ್.
ಅರಬ್ಬಿಯಲ್ಲಿ ಒಂದು ಚುಕ್ಕಿ ಹೆಚ್ಚಾಗಿ ಹೆಸರು ಬೇರೆಯೇ ಆಗಿದೆ.
ತಿದ್ದಲು ಐದು ರಿಯಾಲ್ ಅಂದಾಗ
“ಇರಲಿ ಬಿಡು, ಗ್ಯಾಸಿಗಾಯ್ತು” ಅಂದಿದ್ದರು
ಎಲ್ಯಾಜರಣ್ಣ.

ಒಂದು ಸ್ಪಾನರು, ಬಾಗಿಲು ಮುಚ್ಚದ ಒಂದು ಪಿಕಪ್ಪು;
ಅಲ್ಲಿಂದ ಹನ್ನೊಂದು ಮಂದಿಗೆ ಸಂಬಳ.
ಅದರಲ್ಲಿ ನಾನೊಬ್ಬ, ಗಂಗೊಳ್ಳಿಯವ.

ಶುಕ್ರವಾರ ಬೆಳಕು ಹರಿಯುವ ಮುಂಚೆ ಏಣಿ ಹೊತ್ತು
ರೂವಿಯ ಚರ್ಚಿಗೆ. ಫಿಲ್ಟರು ತೊಳೆದು,
ಉಗುರಿನ ಗ್ರೀಸು ಉಜ್ಜಿಕೊಂಡು
ಕೊನೆಯ ಬೆಂಚಿನಲ್ಲಿ, ಏಸಿಯ ಕೆಳಗೇ ಕೂರುತ್ತಿದ್ದರು.
“ಅಯ್ಯನವರ ಪ್ರಸಂಗ ಅರ್ಧ ಕೇಳ್ತದೆ ಮಾರಾಯ,
ಇನ್ನರ್ಧ ಮೋಟಾರು ಹೇಳ್ತದೆ.”

ಜೂನಿನಲ್ಲಿ ಹತ್ತು ನಿಮಿಷ ಮೊದಲೇ ಕೆಳಗಿಳಿದು
ಕಾರು ತಂಪು ಮಾಡಿಡುವರು,
ಸ್ಟಿಯರಿಂಗಿಗೆ ಒದ್ದೆ ಟವೆಲು ಹೊದಿಸಿ.
ಮಧ್ಯಾಹ್ನದ ಡ್ಯೂಟಿಗೆ ಹೊರಟ ಸುಶಾಂತಕ್ಕ,
ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರು.
ಮಸ್ಕತ್ತಿನ ಬಿಸಿಲೆಂದರೆ ಏನೆಂದು
ಮೊನ್ನೆಯವರೆಗೂ ಅವರಿಗೆ ಗೊತ್ತಿರಲಿಲ್ಲ.

ಶವಾಗಾರದಲ್ಲಿ ಸಹಿ ಹಾಕುತ್ತ ಹಾಕುತ್ತ
ರೂಢಿಯಂತೆ ಮೀಟರು ನೋಡಿದೆ: ನಾಲ್ಕು ಡಿಗ್ರಿ.
ಸರಿ ಇತ್ತು.
ಯಾರಿಗೆ ಹೇಳಲಿ,
ಅದನ್ನಲ್ಲಿ ಕೂರಿಸಿದ್ದು ನಾವಿಬ್ಬರೇ ಎಂದು.

ಈವತ್ತು ಚರ್ಚಿನಿಂದ ಫೋನು:
ಹಿಂದಿನ ಏಸಿ ತೊಟ್ಟಿಕ್ಕುತ್ತಿದೆ, ಬೆಂಚು ಒದ್ದೆ,
ಹೇಗೂ ಅಲ್ಲಿ ಯಾರೂ ಕೂತಿಲ್ಲ.
ಜುಮಾ ಮುಗಿಸಿ ಬರುತ್ತೇನೆ ಅಂದೆ.

ಏಣಿ ಅವರ ಮನೆಯ ಬಾಲ್ಕನಿಯಲ್ಲೇ ಇದೆ.
ಸುಶಾಂತಕ್ಕನನ್ನು ಕೇಳಬೇಕು.
ಹೇಗೆ ಕೇಳುವುದು,
ಕಾರಿನಲ್ಲಿ ಕೂತು ಯೋಚಿಸುತ್ತಿದ್ದೇನೆ;
ಸ್ಟಿಯರಿಂಗು ಸುಡುತ್ತಿದೆ.