ಎರಡಕ್ಕ ಮೂರು

ಚೌಬಾರಾದ ಗಡಿಯಾರ ಕಾಣೂ ಹಂಗ ನನ್ನ ಮಿಷನ್ನು.
ಎಲೆಕ್ಷನ್ ಬಂತಂದ್ರ ಎಲ್ಲಾ ಪಾರ್ಟಿ ಝಂಡಾ ಇಲ್ಲೇ ಹೊಲೀತೀನಿ,
ಒಂದೇ ದಾರ, ಒಂದೇ ಸೂಜಿ, ರೇಟೂ ಒಂದೇ.
ಉಳಿದ ಚಿಂದಿ ಗೋಣಿಚೀಲದಾಗ
ಒಂದರ ಮ್ಯಾಲೊಂದು ಬಿದ್ದು
ಜಗಳಿಲ್ದೆ ಮಲಗಿರ್ತಾವ.

ಆ ಚೀಲ ಹುಡುಕ್ಕೊಂಡೇ ಬರ್ತಾರ ಖಯ್ಯೂಮ್ ಸಾಬರು,
ಸರ್ವೆ ಆಫೀಸಿನಾಗ ನಕ್ಷೆ ಬರದು ಬರದು ರಿಟೈರ್ ಆದವರು.
ರದ್ದಾದ ನಕ್ಷೆ ಹಾಳಿಯ ಹಿಂಬದೀಗೆ
ಆಗದೇ ಹೋದ ದೇಶದ ಝಂಡಾ ಬರದು ತರ್ತಾರ.
"ವೈಜಿನಾಥ, ಎರಡಕ್ಕ ಮೂರು. ಒಂದು ನೂಲೂ ಆಚೀಚಿ ಆಗಬಾರದು."
"ಇಲ್ಲದ ದೇಶಕ್ಕ ಅಳತಿ ಯಾಕ್ರಿ?"
"ಇರೂ ದೇಶ ಹ್ಯಾಂಗರ ನಡೀತದ.
ಇಲ್ಲದ್ದಕ್ಕೇ ಅಳತಿ ಪಕ್ಕಾ ಇರಬೇಕು."

ಗವಾನರ ಮೊಹರಿನ ಆ ಕಾಗದ
ಸುಳ್ಳಂತ ಅವತ್ತೇ ಗೊತ್ತಾಗಿದ್ದರ?
ಬಿಳಿ ಅರಿವಿ, ಮೂಲ್ಯಾಗ ಒಂದು ಕೆಂಪು ಮೊಹರು, ನಡುವ ಏನೂ ಇಲ್ಲ.
ಕತ್ತಿ ತಗಿಯೂ ಮೊದಲು ಒಂದು ಮಾತು ಕೇಳಿದ ದೇಶ ಅದಂತ,
ಬರೀಲಾಕ ಇನ್ನೂ ಜಾಗ ಅದಂತ.

ನೌಬಾದಿನ ನೆಲದಡಿ ಹರಿಯೂ ನೀರೇ ರಾಜಧಾನಿ ಆಗಿದ್ದರ?
ಎರಡು ಪದರಿನ ಒಳಗ ನೀಲಿ ಪಟ್ಟಿ.
ಬಿಸಿಲಿಗೆ ಹಿಡದರಷ್ಟೇ ಕಾಣಬೇಕು.

ಕಲ್ಯಾಣ ಚದುರದೇ ಇದ್ದಿದ್ದರ?
ಅದರ ಅಂಚಿಗೆ ತೊಗಲು ಬೇಕಂದರು.
ನನ್ನ ಸೂಜಿ ಮುರೀತು. ಎದುರಿನ ಫುಟ್‌ಪಾತಿನಿಂದ
ಚಪ್ಪಲಿ ಹೊಲಿಯೂ ಧೂಳಪ್ಪನ್ನ ಕರದೆ.
ಇಪ್ಪತ್ತು ವರ್ಷದಾಗ ಮೊದಲ ಸಲ
ಅವ ನನ್ನ ಅಂಗಡಿ ಒಳಗ ಕುಂತ.
ಅದು ನಕ್ಷೆಯಾಗ ಇರಲಿಲ್ಲ.

ಇನ್ನೊಂದು, ಕೋಟಿ ಮಣ್ಣಿನ ಬಿದರಿ ಕರೀದು.
ತೊಳದರ ಹೊಳೀಬೇಕು ಅಂದರು. ತೊಳದೆ, ಬಣ್ಣ ಬಿಡ್ತು.
"ಆ ದೇಶ ಕ್ಯಾನ್ಸಲ್," ಅಂದು ಚಾ ತರಿಸಿದರು.

ಸೆಪ್ಟೆಂಬರ್ ಹದಿನಾರರ ರಾತ್ರಿ,
ಮರುದಿನದ ಧ್ವಜಕ್ಕ ಹಗ್ಗದ ತೂತು ಹೊಲಿಲಾಕತ್ತಿದ್ದೆ.
ಸಾಬರು ಹಾಳಿ ಕೊಟ್ಟರು. ಹಿಂಬದಿ ಖಾಲಿ.
ಮುಂದ ಅವರ ಊರು: ಹೊಲದ ನಂಬರು, ದಾರಿ,
ಒಂದು ಸಣ್ಣ ದುಂಡು ಗುರುತು.
"ನಲವತ್ತೆಂಟರಾಗ ಈ ಬಾವಿ
ಬರೇ ನೀರಿನ ಬಾವಿಯಾಗೇ ಉಳದಿದ್ದರ...
ನಮ್ಮ ಫುಪ್ಪು..."
ಮುಂದ ಹೇಳಲಿಲ್ಲ.

ನಮ್ಮ ಅಜ್ಜಿನೂ ಆ ವರ್ಷದ ಮಾತು ಬಂದರ
ಒಲಿ ಕಡೀಗೆ ತಿರುಗ್ತಿದ್ದಳು.
ಯಾರಿಗೆ ಹೆದರಿ ಅಂತ ನಾ ಕೇಳಿರಲಿಲ್ಲ.

"ಬಣ್ಣ?"
"ತಿಳೀವಲ್ದು."

ಚೀಲ ಸುರುವಿದೆ. ಎಲ್ಲಾ ಬಣ್ಣಕ್ಕೂ ಆಗಲೇ ಒಬ್ಬ ಮಾಲಕ ಇದ್ದ.
ಕಡೀಗೆ ನಮ್ಮಪ್ಪನ ಧೋತರ, ನೂರು ಸಲ ತೊಳದದ್ದು,
ಎರಡಕ್ಕ ಮೂರು ಕತ್ತರಿಸಿ ನಾಕೂ ಅಂಚು ಮಡಚಿ ಹೊಲದೆ.
ಬಲ್ಬಿಗೆ ಹಿಡದು ಭಾಳ ಹೊತ್ತು ನೋಡಿದರು.
ಕೋಲು ಕೇಳಲಿಲ್ಲ.

ವಾರ ಬಿಟ್ಟು ಬಾಕಿ ರೊಕ್ಕಕ್ಕ ಅವರ ಮನೀಗೆ ಹೋದೆ.
ಧಗಿ. ನೀರು ಕೇಳಿದೆ.
ಕೊಡದ ಬಾಯಿಗೆ ಕಟ್ಟಿದ ಅರಿವಿ, ನನ್ನದೇ ಹೊಲಿಗಿ.
ನಡುವಿನ ತಗ್ಗಿನಾಗ ಬೇವಿನ ಎಲಿ ಎರಡು, ಒಂದು ಹುಳ,
ಕೆಳಗ ನೀರು.
ದುಂಡನೆ ಬಾಯಿಗೆ ಎರಡಕ್ಕ ಮೂರು ಸರಿ ಕೂತಿರಲಿಲ್ಲ.
ಒಂದು ಮೂಲಿ ಹೊರಗ ಜೋತು ಬಿದ್ದಿತ್ತು,
ಫ್ಯಾನಿನ ಗಾಳಿ ಈ ಕಡೀ ತಿರುಗಿದಾಗೊಮ್ಮೆ
ಅಷ್ಟೇ ಹಾರ್ತಿತ್ತು.