ಬದಲಿ

ಗಾಜಿನ ಮೇಲೆ ಒಂದು ಹನಿ ಎಳೆದು, ಒಣಗಿಸಿ,
ಬಣ್ಣ ಹಾಕಿ ಎಂಟು ನಿಮಿಷ ಕಾಯುತ್ತೇನೆ.
ಬನಹಟ್ಟಿಯ ನೇಕಾರರು ನಾವು.
ಅಜ್ಜ ನೂಲಿಗೆ ಬಣ್ಣ ಹಾಕುತ್ತಿದ್ದ,
ನಾನು ಪರೇಲಿನ ಆಸ್ಪತ್ರೆಯ ಮೂರನೇ ಮಾಳಿಗೆಯಲ್ಲಿ
ಮಂದಿಯ ರಕ್ತಕ್ಕೆ.
ಮೂವತ್ತನಾಲ್ಕು ವರ್ಷ. ಉಗುರಿನ ಸಂದಿ ಇನ್ನೂ ನೀಲಿ.

ಇವತ್ತಿನ ಗಾಜಿಗೆ ಹೆಸರಿಲ್ಲ, ನಂಬರು ಮಾತ್ರ.
ಆದರೂ ಗೊತ್ತು, ಇದು ತಮ್ಮ ಈರಣ್ಣನದು.
ಬೆಳಿಗ್ಗೆ ಅವನ ತೋಳಿಗೆ ರಬ್ಬರು ಬಿಗಿದವಳು ನಾನೇ.
"ಮೆಲ್ಲಗ ಚುಚ್ಚಕ್ಕಾ" ಅಂದ, ಐವತ್ತರ ಗಂಡಸು,
ಅಂಗಿಯ ಜೇಬಿನಲ್ಲಿ ನೀಲಿ ಪಂಪು, ಪೆನ್ನಿನ ಪಕ್ಕ.

ಕಣ್ಣು ಮಸೂರಕ್ಕೆ, ಎಡಗೈ ಎಣಿಕೆಯ ಗುಂಡಿಗೆ.
ಟಕ್. ಟಕ್.
ಬಂತು ನೋಡು, ಕೇಸರಿ ಕಾಳು ತುಂಬಿದ ಕೋಶ,
ಒಳಗೆ ಎರಡು ಹೋಳಿನ ಬೀಜ,
ಯಾರೋ ಅಪ್ಪನ ಕನ್ನಡಕವನ್ನು
ತೊಗರಿಬೇಳೆಯಲ್ಲಿ ಮರೆತಿಟ್ಟ ಹಾಗೆ.
ಹೊಟ್ಟೆಯ ಹುಳದ ಮೇಲೆ ಕಾಳಗಕ್ಕೆಂದು ಹುಟ್ಟಿದ ಸಿಪಾಯಿ;
ಹುಳ ಸಿಗದಿದ್ದರೆ ಉಸಿರಿನ ಓಣಿಗೇ ಬೆಂಕಿ ಇಡುವವನು.
ನೂರರಲ್ಲಿ ಮೂರೋ ನಾಲ್ಕೋ ಇರಬೇಕು.
ಹನ್ನೊಂದು.

ಅಪ್ಪ ಲಾಲ್‌ಬಾಗಿನ ಗಿರಣಿಯಲ್ಲಿ ಹತ್ತಿ ಹಿಂಜುವ ಖಾತೆಯವನು.
ಪಾಳಿ ಮುಗಿಸಿ ಬಂದರೆ ಹುಬ್ಬು ಬಿಳಿ, ಕಿವಿಯ ಕೂದಲು ಬಿಳಿ;
ಅವ್ವ ಬಾಗಿಲಲ್ಲೇ ನಿಲ್ಲಿಸಿ ಟವೆಲಿನಿಂದ ಬಡಿಯುವಳು.
ರಾತ್ರಿ ಚಾಳಿನ ಗ್ಯಾಲರಿಯಲ್ಲಿ ಕಟಾಂಜನ ಹಿಡಿದು ಕೂತು
"ಒಳಗ ಹೋಗತೈತಿ, ಹೊರಗ ಬರವಲ್ದು" ಅನ್ನುವನು,
ಉಸಿರೆಂಬುದು ಮನೆಗೆ ಬಂದು ಎದ್ದು ಹೋಗದ ನೆಂಟನಂತೆ.
ಪರಿಹಾರ ಕೇಳಲು ಹೋದಾಗ
ಕಂಪನಿ ಡಾಕ್ಟರು ತಲೆಯೆತ್ತದೆ ಬರೆದುಕೊಟ್ಟ:
ದೋಷ ಗಿರಣಿಯದಲ್ಲ, ಈತನ ರಕ್ತದ್ದು.
ಆ ಚೀಟಿಯನ್ನು ಅವ್ವ ಅಕ್ಕಿ ಡಬ್ಬಿಯ ತಳದಲ್ಲಿಟ್ಟಿದ್ದಳು,
ಸಾಯುವ ತನಕ. ಅವಳಿಗೆ ಓದು ಬರುತ್ತಿರಲಿಲ್ಲ.

ಈಗ ಪ್ರಾಜಕ್ತಾ ಡಾಕ್ಟರು, ನನ್ನ ಮಗಳ ವಯಸ್ಸಿನವಳು,
ಪರದೆಯ ಮೇಲೆ ಬೆರಳಿಡುತ್ತಾಳೆ.
"ಇಲ್ನೋಡಿ ಮೌಶಿ, ಮುನ್ನೂರು ಕೋಟಿ ಅಕ್ಷರದಲ್ಲಿ
ಈ ಜಾಗದಲ್ಲಿ ಒಂದೇ ಒಂದು ಬದಲಿ.
ಇದಿದ್ದವರಿಗೆ ಈ ಕೋಶ ತುಸು ಹೆಚ್ಚು. ತುಸುವೇ.
ಇಂಥವು ಇನ್ನೂ ನೂರಾರಿವೆ, ಎಲ್ಲ ಗೊತ್ತಾಗಿಲ್ಲ."

ಒಂದು ಅಕ್ಷರ ಏನು ಮಾಡುತ್ತದೆಂದು ನನಗೆ ಹೇಳಬೇಕೆ?
ಹಾಜರಿ ಗುಮಾಸ್ತ ಹಟಗಾರನನ್ನು ಹಟಕಾರ ಎಂದು ಬರೆದು
ಅಪ್ಪನ ಫಂಡಿನ ದುಡ್ಡು
ಬಾಂದ್ರಾದ ಕಚೇರಿಯಲ್ಲಿ ಎರಡು ವರ್ಷ ಕೂತಿತ್ತು.

ಹಾಗಾದರೆ ಆ ಡಾಕ್ಟರು ಹೇಳಿದ್ದು ನಿಜವೇ?
ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ಬೆರಳು ನಾನೇ ಚುಚ್ಚಿಕೊಂಡೆ.
ಎಂಟು ನಿಮಿಷ. ನೀರು. ಎಣ್ಣೆಯ ಹನಿ.
ಹತ್ತು.
ಮತ್ತೊಂದು ಗಾಜು. ಹತ್ತು.
ಒಂದು ರಾತ್ರಿಯೂ ಕೂತು ಬೆಳಗು ಮಾಡಿದವಳಲ್ಲ ನಾನು,
ಸ್ಟೇಷನ್ನಿನ ಸೇತುವೆಯನ್ನು ಈಗಲೂ ಒಂದೇ ದಮ್ಮಿಗೆ ಏರುತ್ತೇನೆ.
ನನ್ನನ್ನು ಅವ್ವ ಬಳೆ ಮಾರಿ ಕಾಲೇಜಿಗೆ ಕಳಿಸಿದಳು,
ಕಿಟಕಿಗೆ ಜಾಲರಿ ಇದ್ದ, ಫಿನಾಯಿಲ್ ನಾರುವ ಕೋಣೆಗೆ.
ಈರಣ್ಣ ಹದಿನಾರಕ್ಕೆ ಅಪ್ಪನ ಖಾತೆಯಲ್ಲೇ
ಬದಲಿ ಎಂದು ಹೆಸರು ಬರೆಸಿದ;
ಯಾರು ಬರಲಿಲ್ಲವೋ ಅವರ ಜಾಗಕ್ಕೆ, ಅವರ ಧೂಳಿಗೆ.

ಅಪ್ಪನ ರಕ್ತ ಯಾವ ಫ್ರಿಜ್ಜಿನಲ್ಲೂ ಇಲ್ಲ.
ಹನ್ನೊಂದು ಇದೆ, ಹತ್ತು ಇದೆ, ನಡುವೆ ಒಂದು ಗಿರಣಿ.

ಅಧ್ಯಯನದ ಫಾರಮಿನಲ್ಲಿ ಷರಾ ಎಂಬ ಕಿರಿದಾದ ಕಾಲಮು,
ಯಾರೂ ತುಂಬುವುದಿಲ್ಲ.
ಅವನ ನಂಬರಿನ ಎದುರು ಬರೆದೆ: ಹತ್ತಿ, ಹನ್ನೆರಡು ವರ್ಷ.
ಕೈ ತಾನಾಗಿ ಇನ್ನೊಂದು ಸಾಲು ಬರೆಯಹೋಯಿತು,
ಕಾಲಮು ಮುಗಿದಿತ್ತು.

ರಾತ್ರಿ ಫೋನಿನಲ್ಲಿ ಈರಣ್ಣ:
"ಹನ್ನೊಂದು ಅಂದ್ರ ಪಾಸೋ ಫೇಲೋ?"
ನಗುತ್ತಾನೆ, ನಗು ಕೆಮ್ಮಾಗುತ್ತದೆ.
ಪಂಪಿನ ಸದ್ದು, ತಡೆದು ಇನ್ನೊಂದು.
ಎಣಿಸಿದೆ. ರೂಢಿ.