ಮಾಲ್ದಾರೆ ತಿರುವಿನ ಬೋರ್ಡು

ಜೂನಿನಲ್ಲಿ ಬೋಜಿಗೆ ‘ಆನೆ’ ಅಷ್ಟೇ ಸಿಗುತ್ತಿತ್ತು;
ಜೀಪು ದಾಟಿಬಿಡುತ್ತಿತ್ತು.
ಉಳಿದ ಬೋರ್ಡು ಹಿಂದಕ್ಕೆ, ಮಂಜಿನೊಳಕ್ಕೆ.

ತರಗತಿಯಲ್ಲೂ ಹಾಗೇ. ‘ಕಿತ್ತಳೆ’ ಎದುರಾದರೆ
ಕಿ... ತ... ಎಂದು ಒತ್ತಿನ ಬುಡದಲ್ಲಿ ಕೂತುಬಿಡುವಳು,
ಅಂಗೈಯಲ್ಲಿ ಇನ್ನೂ ಸಿಪ್ಪೆಯ ಘಮವಿದ್ದೂ.
ಹಿಂದಿನ ಬೆಂಚಿನಿಂದ ನಗು.
ನಾನೂ ಒಮ್ಮೆ, ಗಡಿಯಾರ ನೋಡಿಕೊಂಡು,
ಪದ ಹೇಳಿಕೊಟ್ಟುಬಿಟ್ಟೆ.
ಅವಳು ಪುಸ್ತಕ ಮುಚ್ಚಿದಳು.

ಆಮೇಲೆ ಬಾಯಿ ಕಟ್ಟಿಕೊಂಡು ಕಾಯುವುದು ಕಲಿತೆ.
ಅದೇ ಎಂಟು ಸಾಲು, ನಸೀಮಳ ದನಿಗೆ ದನಿ ಕೂಡಿಸಿ;
ನಾಳೆ ಮತ್ತೆ ಅದೇ ಎಂಟು ಸಾಲು.
ಒಂದು ದಿನ ಕೇಳಿದೆ:
ನಿಮ್ಮವ್ವ ರೊಬಸ್ಟಾ ಕೊಯ್ಯುವಾಗ
ಹಣ್ಣು ಹಣ್ಣು ಎಣಿಸುತ್ತಾಳೇನೇ?
‘ಇಲ್ಲ ಟೀಚರ್, ಗೊಂಚಲಿಗೇ ಕೈ.’
ಹೇಳಿ, ತಾನೇ ಪುಟದ ಕಡೆ ನೋಡಿದಳು.

ಈಗ ಜನವರಿ. ಜೀಪಿನಲ್ಲಿ ಹದಿನಾಲ್ಕು ಮಕ್ಕಳು,
ಅವರ ನಡುವೆ ಸಿಕ್ಕಿಕೊಂಡು ನಾನು.
ಬೋಜಿ ಕಂಬಿ ಹಿಡಿದು, ಕತ್ತು ಹೊರಗೆ ಚಾಚಿ:
‘ಆನೆಗಳು ರಸ್ತೆ ದಾಟುವ ಸ್ಥಳ, ನಿಧಾನ...’

‘ವಾಗಿ’ ಅನ್ನುವಷ್ಟರಲ್ಲಿ ತಿರುವು.

ಹಿಂದಿನಿಂದ ಡ್ರೈವರಿನ ಭುಜ ತಟ್ಟುತ್ತಾಳೆ:
‘ಅಣ್ಣಾ, ನಿಧಾನ ಅಂತ ಬರೆದಿದ್ದಾರೆ,
ನಿಮಗೆ ಓದೋಕೆ ಬರಲ್ವಾ?’